ಹಿಮದ ಹಾದಿಯ ಸೈಕಲ್ ಸವಾರರು

(ದಹಿಸರದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಕದಂಬರ ಶೌರ್ಯವನ್ನೋ ಶರಣರ ನಡೆನುಡಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವು ಇಂದು ಸೈಕಲ್ಲಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದೂ ಹಿಮದ ಮೇಲಿನ ಸೈಕಲ್ಲು! ತಲೆಯ ಮೇಲೆ ಪಂಖ ತಿರುಗುತ್ತಿದ್ದರೂ ಬೆವರೊರೆಸಿಕೊಳ್ಳುತ್ತಿರುವ ತಮಗೆ ಇದು ವಿಚಿತ್ರವೆನಿಸಬಹುದು. ಆದರೆ ಇದಕ್ಕೊಂದು ಕಾರಣವುಂಟು. ನಾವೆಲ್ಲರೂ ಸೇರಿ ನಮ್ಮವನೇ ಆದ ಒಬ್ಬ ತರುಣನ ಮನಸ್ಸನ್ನು ನೋಯಿಸಿದ್ದೇವೆ. ಅದನ್ನು ಒಪ್ಪಿಕೊಳ್ಳಲು ಇಂದಿಗಿಂತ ಒಳ್ಳೆಯ ದಿನ ನಮಗೆ ಕಾಣಲಿಲ್ಲ.

ಈ ತರುಣನ ತಂದೆ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದವರು. ಮಗ ಓದಿ ಕೆಲಸಕ್ಕೆ ಸೇರಿದ. ಭಾನುವಾರ ನಾವು ಹಾಸಿಗೆ ಬಿಡುವ ಮೊದಲೇ ದಹಿಸರ್ ನಾಕೆ ದಾಟಿ, ಹೆದ್ದಾರಿ ಹಿಡಿದು ವಿರಾರ್ ಮುಟ್ಟಿ ಹಿಂದಿರುಗುವ ಸೈಕಲ್ ಪ್ರಿಯ. ಕಳೆದ ಚಳಿಗಾಲದಲ್ಲಿ ದಪ್ಪ ಚಕ್ರದ ಸೈಕಲ್ಲಿನೊಂದಿಗೆ ಲೇಹ್‌ಗೆ ಹೋದ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ, 5,359 ಮೀಟರ್ ಎತ್ತರದ ಖರ್ದುಂಗ್ ಲಾ ಕಣಿವೆದಾರಿಯನ್ನು ಏರುವುದು ಆತನ ಬಯಕೆ. ಆದರೆ ಅರ್ಧದಾರಿಗಿಂತ ತುಸು ಮೇಲಿನಿಂದ ಹಿಂದಿರುಗಿ ಬಂದ.

ಸತ್ಯನಾರಾಯಣ ಪೂಜೆಯ ದಿನ ನಾವು ಕೇಳಿದೆವು: ಯಾಕಪ್ಪಾ, ಏನಾಯಿತು? ಆತ ಹೇಳಿದ: "ಬೆರಳುಗಳ ನೋವು ನಿಂತುಹೋಯಿತು, ಅದಕ್ಕೇ ಹಿಂದಿರುಗಿದೆ." ಎಲ್ಲರೂ ಗೊಳ್ಳೆಂದು ನಕ್ಕೆವು. ನೋವಾದರೆ ಹಿಂದಿರುಗುವವರುಂಟು, ನೋವು ನಿಂತಿತೆಂದು ಹಿಂದಿರುಗುವವರುಂಟೆ? ಆಮೇಲೆ ಆತ ಸಂಘದ ಕಡೆ ಸುಳಿಯಲಿಲ್ಲ. ನಮ್ಮ ಮನಸ್ಸು ಚುಚ್ಚತೊಡಗಿತು. ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆವು. ಓದಿದಷ್ಟೂ ನಮ್ಮ ಅಜ್ಞಾನ ನಮಗೇ ತಿಳಿಯಿತು.

ಚಳಿಯೆಂದರೆ ನಮಗೆಷ್ಟು ಗೊತ್ತು? ಮುಂಬಯಿಯಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿ 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ ಕಂಡ 7.4 ಡಿಗ್ರಿ. ಬೆಂಗಳೂರಿನದು 1884ರ ಜನವರಿಯ 7.8 ಡಿಗ್ರಿ. ನೀರು ಹೆಪ್ಪುಗಟ್ಟುವ ಚಳಿಯನ್ನು ಈ ಎರಡು ಊರುಗಳೂ ಕಂಡಿಲ್ಲ. ಲೇಹ್‌ನಲ್ಲಾದರೋ ಜನವರಿಯ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ವಿಶೇಷವೇನಲ್ಲ. ಅಲಾಸ್ಕದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೋಗುವುದುಂಟು. ಅಲ್ಲಿ ಸೆಲ್ಸಿಯಸ್ ಎಂದರೂ ಫ್ಯಾರನ್‌ಹೀಟ್ ಎಂದರೂ ಲೆಕ್ಕ ಒಂದೇ.

ಅಂಥ ನಾಡಿನಲ್ಲಿ ಸೈಕಲ್ ಪಂದ್ಯಗಳು ನಡೆಯುತ್ತವೆ. ಅಮೆರಿಕದ ಮಿನೆಸೋಟದಲ್ಲಿ 2005ರಿಂದ ನಡೆದುಬಂದಿರುವ 'ಆರೋಹೆಡ್ 135' ಜನವರಿಯ ಕೊನೆಗೆ ಬರುತ್ತದೆ. ದೂರ 135 ಮೈಲಿ, ಅಂದರೆ ಸುಮಾರು 217 ಕಿಲೋಮೀಟರ್. ಕೊಟ್ಟ ಕಾಲ 60 ಗಂಟೆ. ಅಲಾಸ್ಕದ 'ಇಡಿಟರಾಡ್ ಟ್ರೇಲ್ ಇನ್ವಿಟೇಷನಲ್' ಇನ್ನೂ ಉದ್ದ: ಮೆಗ್ರಾತ್ ಎಂಬ ಊರಿನವರೆಗೆ 350 ಮೈಲಿ, ಗಟ್ಟಿಗರಿಗೆ ನೋಮ್ ಪಟ್ಟಣದವರೆಗೆ 1,000 ಮೈಲಿ.

ಹಿಮದ ಮೇಲೆ ಸೈಕಲ್ಲು ಹೇಗೆ ಓಡೀತು? ಗೋರಾಯಿ ಕಡಲದಂಡೆಯ ಸಡಿಲು ಮರಳಿನಲ್ಲಿ ಸೈಕಲ್ಲು ನೂಕಿದವರಿಗೆ ಚಕ್ರ ಹೂತುಹೋಗುವ ಕಷ್ಟ ಗೊತ್ತು. ಒಂಟೆಯ ಪಾದ ಅಗಲವಾಗಿರುವುದರಿಂದ ಅದು ಮರಳಿನಲ್ಲಿ ಹೂಳುವುದಿಲ್ಲ. ದಪ್ಪ ಚಕ್ರದ ಗುಟ್ಟೂ ಇದೇ. ಅಲಾಸ್ಕದ ಕುಶಲಿಗಳು ಮೊದಲು ಎರಡು ಮೂರು ರಿಮ್ಮುಗಳನ್ನು ಪಕ್ಕಪಕ್ಕಕ್ಕೆ ಬೆಸೆದು ಪ್ರಯೋಗ ಮಾಡಿದರು. 2005ರಲ್ಲಿ 'ಪಗ್ಸ್ಲಿ' ಎಂಬ ಸೈಕಲ್ಲು ಅಂಗಡಿಗೆ ಬಂದ ಮೇಲೆ ಇದು ಎಲ್ಲರ ಕೈಗೆಟುಕಿತು. ಟೈರಿನ ಅಗಲ ನಾಲ್ಕು ಅಂಗುಲದ ಆಸುಪಾಸು. ಅದರಲ್ಲಿ ಗಾಳಿ ತೀರ ಕಡಿಮೆ, ಹೆಬ್ಬೆರಳಿನಿಂದ ಒತ್ತಿದರೆ ಕುಗ್ಗುವಷ್ಟು. ಹಿಮ ಮೆತ್ತಗಾದರೆ ಸವಾರ ಇಳಿದು ಇನ್ನಷ್ಟು ಗಾಳಿ ಬಿಡುತ್ತಾನೆ.

ಆದರೆ ಈ ಹುಚ್ಚು ಹೊಸದಲ್ಲ. ಕ್ಲೊಂಡೈಕಿನ ಚಿನ್ನದ ಕಾಲದಲ್ಲಿ, 1900ರ ಫೆಬ್ರುವರಿ 22ರಂದು, ಎಡ್ ಜೆಸ್ಸನ್ ಎಂಬಾತ ಕೆನಡದ ಡಾಸನ್ನಿನಿಂದ ಹೊರಟು, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಸಾಧಾರಣ ಸೈಕಲ್ಲನ್ನೇ ತುಳಿಯುತ್ತ ನೋಮ್ ಕಡೆಗೆ ನಡೆದ. ಕಡುಚಳಿಯಲ್ಲಿ ಆತನ ಸೈಕಲ್ಲಿನ ಎಣ್ಣೆಯೇ ಗಟ್ಟಿಯಾಯಿತು. ಅದೇ ವಸಂತದಲ್ಲಿ ಹೊರಟ ಮ್ಯಾಕ್ಸ್ ಹರ್ಷ್‌ಬರ್ಗ್ ಎಂಬ ತರುಣನ ಸೈಕಲ್ಲಿನ ಸರಪಳಿ ತುಂಡಾದಾಗ ಆತ ಮೈಮೇಲಿನ ಕೋಟನ್ನೇ ಹಾಯಿಯಂತೆ ಕಟ್ಟಿ, ಗಾಳಿಯ ಬಲದಿಂದ ಮಂಜಿನ ಕಡಲನ್ನು ದಾಟಿದ. ಮೇ 19ರಂದು ನೋಮ್ ಸೇರಿದ. ಅವರು ಪಂದ್ಯಕ್ಕೆ ಹೋದವರಲ್ಲ, ಹೊಟ್ಟೆಪಾಡಿಗೆ ಹೋದವರು. ಗಂಟುಮೂಟೆ ಕಟ್ಟಿಕೊಂಡು ಈ ಪಟ್ಟಣಕ್ಕೆ ಬಂದ ನಮ್ಮವರಿಗೆ ಅವರ ಮನಸ್ಸು ಅರ್ಥವಾಗದಿರದು.

ಈಗ ಚಳಿಯ ವಿದ್ಯೆಗೆ ಬರೋಣ. ಅದರ ಮೊದಲನೆಯ ಪಾಠ, ಬೆವರಬಾರದು. ನಮಗೆ ಬೆವರು ದುಡಿಮೆಯ ಭೂಷಣ. ಅಲ್ಲಿ ಅದು ಶತ್ರು. ಬೆವರಿದ ಬಟ್ಟೆ, ಸವಾರ ನಿಂತೊಡನೆ, ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಆದ್ದರಿಂದ ಏರುದಾರಿಗೆ ಮೊದಲೇ ಒಂದು ಪದರ ಕಳಚಬೇಕು, ವೇಗವನ್ನು ತಗ್ಗಿಸಬೇಕು. ನಿಧಾನವೇ ಪ್ರಧಾನ ಎಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ಸತ್ಯ. ಕುಡಿಯುವ ನೀರನ್ನು ಅಂಗಿಯೊಳಗೆ ಮೈಗಂಟಿಸಿ ಇಡುತ್ತಾರೆ. ಹಿಡಿಕೆಗಳಿಗೆ ದಪ್ಪ ಚೀಲ ತೊಡಿಸಿ ಅದರೊಳಗೆ ಕೈಯಿಡುತ್ತಾರೆ. ಪಾದ ತಣ್ಣಗಾದರೆ ಇಳಿದು ಸೈಕಲ್ಲು ನೂಕುತ್ತ ನಡೆಯುತ್ತಾರೆ. ಶೇಂಗಾ ಚಿಕ್ಕಿಯನ್ನು ಅಲ್ಲಿಗೆ ಕೊಂಡೊಯ್ದರೆ ಹಲ್ಲು ಉಳಿಯುವುದು ಸಂಶಯ! ಆರೋಹೆಡ್ ಪಂದ್ಯದಲ್ಲಿ ಕಡುಚಳಿಯ ನಿದ್ರೆಚೀಲ, ಒಲೆ, ಮೀಸಲು ಆಹಾರಗಳಿಲ್ಲದವನನ್ನು ಹೊರಡಗೊಡುವುದೇ ಇಲ್ಲ. ಇವು ಗೆಲ್ಲಲು ಬೇಕಾದವಲ್ಲ, ಬದುಕಿ ಬರಲು ಬೇಕಾದವು.

ಇನ್ನು ಬೆರಳಿನ ಮಾತು. ಚಳಿ ಮಿತಿಮೀರಿದಾಗ ದೇಹವು ಎದೆಯನ್ನೂ ಮಿದುಳನ್ನೂ ಉಳಿಸಿಕೊಳ್ಳಲು ಕೈಕಾಲಿನ ತುದಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತದೆ. ಮೊದಲು ಬೆರಳು ಚುರುಚುರು ನೋಯುತ್ತದೆ. ಆ ನೋವು ಬದುಕಿರುವ ಅಂಗದ ಕೂಗು. ಬೆಚ್ಚಗಾಗದೆಯೇ ನೋವು ನಿಂತಿತೆಂದರೆ ಬೆರಳು ಗುಣವಾಯಿತೆಂದಲ್ಲ, ಮರಗಟ್ಟಿತೆಂದು ಅರ್ಥ. ಚರ್ಮ ಬಿಳಿಚಿ ಮೇಣದಂತಾಗುತ್ತದೆ. ಆಗಲೂ ಮುಂದೆ ಹೋದವನು ಬೆರಳನ್ನೇ ಕಳೆದುಕೊಳ್ಳಬಹುದು.

ಬಂಧುಗಳೇ, ನಮ್ಮ ಹುಡುಗ ಹೇಳಿದ್ದು ಇದನ್ನೇ. ನಾವು ನಕ್ಕದ್ದೂ ಇದಕ್ಕೇ.

ಹಿಮದ ಪಂದ್ಯಗಳಲ್ಲಿ ಕೆಟ್ಟ ಹವೆಯ ವರ್ಷ ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುರಿ ಮುಟ್ಟದೆ ನಿಲ್ಲುವುದುಂಟು. ಅವರಲ್ಲಿ ಅನೇಕರು ಮರುವರ್ಷ ಮತ್ತೆ ಬರುತ್ತಾರೆ. ಹತ್ತು ಬೆರಳೂ ಇದ್ದರಲ್ಲವೇ ಮತ್ತೆ ಹಿಡಿಕೆ ಹಿಡಿಯುವುದು? ಎಲ್ಲಿ ನಿಲ್ಲಬೇಕೆಂದು ತಿಳಿಯುವುದೂ ಅಲ್ಲಿ ವಿದ್ಯೆಯ ಒಂದು ಭಾಗ.

ನಮಗೆ ಈ ವಿದ್ಯೆ ಯಾರೂ ಕಲಿಸಲಿಲ್ಲ. ಈ ಪಟ್ಟಣಕ್ಕೆ ಬಂದ ನಮ್ಮ ಹಿರಿಯರಲ್ಲೊಬ್ಬರು ಕೆಲಸ ಹೋದ ಮೇಲೆ ಏಳು ವರ್ಷ ಊರಿನ ಮುಖ ನೋಡಲಿಲ್ಲ. ಬರಿಗೈಯಲ್ಲಿ ಹೋದರೆ ನಾಲ್ಕು ಜನ ನಕ್ಕಾರೆಂಬ ಭಯ. ಕಾಗದದಲ್ಲಿ ಮಾತ್ರ 'ಇಲ್ಲಿ ಎಲ್ಲ ಕ್ಷೇಮ' ಎಂದು ಬರೆಯುತ್ತಿದ್ದರು. ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡು ಹೋದಾಗ ಬಾಗಿಲಲ್ಲಿ ತಾಯಿ ಇರಲಿಲ್ಲ. ಅವರನ್ನು ತಡೆದದ್ದು ದೂರವಲ್ಲ, ಆ ನಾಲ್ಕು ಜನರ ನಗು. ಪೂಜೆಯ ದಿನ ಆ ನಾಲ್ಕು ಜನ ನಾವೇ ಆಗಿದ್ದೆವು.

ನಮ್ಮ ಮಕ್ಕಳು ಪರೀಕ್ಷೆಗೆ, ನೌಕರಿಗೆ, ಪರದೇಶಕ್ಕೆ ಹೊರಡುತ್ತಾರೆ. ಹೋಗಿ ಗೆದ್ದು ಬನ್ನಿ ಎಂದು ಹರಸುತ್ತೇವೆ. ಅದು ಸರಿಯೆ. ಅದರೊಂದಿಗೆ ಇನ್ನೊಂದು ಮಾತನ್ನೂ ಕೂಡಿಸೋಣ: ಬೆರಳು ಮರಗಟ್ಟಿತೆನಿಸಿದರೆ ಹಿಂದಿರುಗಿ ಬಾ, ಬಾಗಿಲು ತೆರೆದಿರುತ್ತದೆ, ಊಟ ಬಿಸಿಯಾಗಿರುತ್ತದೆ, ಯಾರೂ ನಗುವುದಿಲ್ಲ.

ಆ ತರುಣ ಇಂದಿನ ಸಭೆಗೆ ಬಂದಿಲ್ಲ. ಆತನ ತಂದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಲ್ಲಿ ನಮ್ಮದೊಂದು ಅರಿಕೆ. ನಾವು ತಪ್ಪೊಪ್ಪಿಕೊಂಡೆವೆಂದು ಮಗನಿಗೆ ತಿಳಿಸಬೇಕು. ಮುಂದಿನ ಮಾಸಿಕ ಕೂಟದಲ್ಲಿ ಆತನೇ ಬಂದು, ಆ ದಿನ ಆ ದಾರಿಯಲ್ಲಿ ಏನೇನಾಯಿತೆಂಬುದನ್ನು ಮೊದಲಿನಿಂದ ಕೊನೆಯವರೆಗೆ ನಮ್ಮ ಮಕ್ಕಳಿಗೆ ಹೇಳಬೇಕು. ಈ ಸಲ ನಾವು ನಡುವೆ ಬಾಯಿ ಹಾಕುವುದಿಲ್ಲ.