ಪಿನ್ ಒಂದೇ, ಒಳಗಿನ ತಂತಿ ಬೇರೆ: ಗಿಟಾರ್ ಆಂಪ್‌ಗೆ ಸರಿಯಾದ ಸ್ಪೀಕರ್ ಕೇಬಲ್ ಆರಿಸೋದು ಹೇಗೆ?

ಈ ವಾರದ ಕಂತಲ್ಲಿ ಒಂದು ಚಿಕ್ಕ ವಸ್ತುವಿನ ಬಗ್ಗೆ ಮಾತಾಡೋಣ. ಗಿಟಾರ್ ಆಂಪ್‌ನ ಹೆಡ್‌ನಿಂದ ಸ್ಪೀಕರ್ ಕ್ಯಾಬಿನೆಟ್‌ಗೆ ಹೋಗುವ ಕೇಬಲ್, ಮತ್ತೆ ಅದರ ಎರಡು ತುದಿಯಲ್ಲಿರೋ ಪಿನ್‌ಗಳು.

ಗಿಟಾರ್ ಕೊಳ್ಳೋಕೆ ಮುಂಚೆ ನಾವು ತಿಂಗಳುಗಟ್ಟಲೆ ವಿಡಿಯೊ ನೋಡ್ತೀವಿ. ಒಂದೊಂದು ಪೆಡಲ್‌ಗೂ ದುಡ್ಡು ಕೂಡಿಸ್ತೀವಿ. ಆದ್ರೆ ಈ ಕೇಬಲ್ ಮಾತ್ರ ಜ್ಯಾಮ್ ರೂಮಿನ ಡಬ್ಬಕ್ಕೆ ಕೈ ಹಾಕಿದಾಗ ಸಿಕ್ಕಿದ್ದು. ಇಲ್ಲಿ ತಪ್ಪಾದ್ರೆ ಟ್ಯೂಬ್ ಆಂಪ್‌ನ ದುಬಾರಿ ಭಾಗಗಳಲ್ಲಿ ಒಂದಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಕೆಲವು ನೂರು ರೂಪಾಯಿಯ ಕೇಬಲ್, ಸಾವಿರಗಟ್ಟಲೆ ರೂಪಾಯಿಯ ರಿಪೇರಿ. ಅದಕ್ಕೇ ಈ ಲೆಕ್ಕ ಒಂದ್ಸಲ ಸರಿಯಾಗಿ ತಿಳ್ಕೊಳ್ಳೋಣ.

ಮೊದಲ ಗೊಂದಲ ಪಿನ್‌ನದ್ದೇ. ಗಿಟಾರ್‌ನಿಂದ ಆಂಪ್‌ಗೆ ಹೋಗೋದೂ ಕಾಲು ಇಂಚಿನ ಪಿನ್, ಅಂದ್ರೆ 6.35 ಮಿಲಿಮೀಟರ್. ಆಂಪ್‌ನಿಂದ ಸ್ಪೀಕರ್‌ಗೆ ಹೋಗೋದೂ ಬಹಳ ಕಡೆ ಅದೇ ಪಿನ್. ನಮ್ಮ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪಿ-38 ಅಂತ ಕೇಳಿದ್ರೆ ಕೊಡೋದು ಇದನ್ನೇ. ಇದು ಹುಟ್ಟಿದ್ದು ಸಂಗೀತಕ್ಕಲ್ಲ, 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ. ಆಪರೇಟರ್‌ಗಳು ಒಂದು ಲೈನ್ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಾ ಇದ್ದ ಪಿನ್ ಇದು. ಬೇಗ ಹಾಕಿ ಬೇಗ ತೆಗೆಯೋಕೆ ಮಾಡಿದ್ದು. ಆ ಗುಣ ಗಿಟಾರ್‌ಗೆ ಸರಿ. ಸ್ಪೀಕರ್‌ಗೆ ಮಾತ್ರ ಅಷ್ಟು ಸರಿಯಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಒಳಗಿನ ತಂತಿ ನೋಡೋಣ. ಗಿಟಾರ್ ಪಿಕಪ್ ಕೊಡೋ ಸಿಗ್ನಲ್ ತುಂಬಾ ಸಣ್ಣದು, ಸಾಮಾನ್ಯವಾಗಿ ಒಂದು ವೋಲ್ಟ್‌ಗಿಂತ ಕಡಿಮೆ. ಕರೆಂಟ್ ಅಂತೂ ಇಲ್ಲ ಅನ್ನಬಹುದಾದಷ್ಟು ಕಮ್ಮಿ. ಹಾಗಾಗಿ ನಡುವಿನ ತಂತಿ ದಪ್ಪ ಇರಬೇಕಾಗಿಲ್ಲ. ಆದ್ರೆ ಇಷ್ಟು ಸಣ್ಣ ಸಿಗ್ನಲ್‌ಗೆ ಟ್ಯೂಬ್‌ಲೈಟ್‌ನ ಗುಂಯ್ ಸದ್ದು, ಫೋನ್‌ನ ಕಿರಿಕಿರಿ ಎಲ್ಲ ಬಂದು ಸೇರ್ಕೊಳ್ಳುತ್ತೆ. ಅದನ್ನ ತಡೆಯೋಕೆ ಸುತ್ತ ತಾಮ್ರದ ಜಾಲರಿ ಹೊದಿಸಿರ್ತಾರೆ. ಇದನ್ನೇ ಶೀಲ್ಡ್ ಅನ್ನೋದು.

ಸ್ಪೀಕರ್ ಕಡೆ ಕಥೆ ಪೂರ್ತಿ ಉಲ್ಟಾ. 50 ವ್ಯಾಟ್ ಆಂಪ್, 8 ಓಮ್ ಕ್ಯಾಬಿನೆಟ್ ಅಂತಿಟ್ಕೊಳ್ಳಿ. ಪೂರ್ತಿ ಪವರ್ ಕೊಡುವಾಗ ಕೇಬಲ್‌ನಲ್ಲಿ 20 ವೋಲ್ಟ್, ಎರಡೂವರೆ ಆಂಪಿಯರ್ ಹರಿಯುತ್ತೆ. 100 ವ್ಯಾಟ್ ಆಂಪ್ 4 ಓಮ್‌ಗೆ ಹೋದ್ರೆ 5 ಆಂಪಿಯರ್. ಡಿಸ್ಟಾರ್ಷನ್‌ನಲ್ಲಿ ಜೋರಾಗಿ ಬಾರಿಸಿದ್ರೆ ಡಬ್ಬಿ ಮೇಲೆ ಬರೆದ ವ್ಯಾಟ್‌ಗಿಂತ ಜಾಸ್ತಿನೂ ಹೋಗುತ್ತೆ. ಇಲ್ಲಿ ಸಿಗ್ನಲ್ ಎಷ್ಟು ದೊಡ್ಡದು ಅಂದ್ರೆ ಹೊರಗಿನ ಗುಂಯ್ ಸದ್ದು ಲೆಕ್ಕಕ್ಕೇ ಇಲ್ಲ, ಶೀಲ್ಡ್ ಬೇಕಾಗಿಲ್ಲ. ಬೇಕಿರೋದು ಸಮ ದಪ್ಪದ ಎರಡು ತಾಮ್ರದ ತಂತಿ. ಅಷ್ಟೇ.

ಹಾಗಾದ್ರೆ ಗಿಟಾರ್ ಕೇಬಲ್‌ನ ಸ್ಪೀಕರ್‌ಗೆ ಹಾಕಿದ ತಕ್ಷಣ ಹೊಗೆ ಬರುತ್ತಾ? ಬರಲ್ಲ. ಮೋಸ ಇರೋದೇ ಅಲ್ಲಿ. ಎಷ್ಟೋ ಸಲ ಸದ್ದು ಚೆನ್ನಾಗೇ ಬರುತ್ತೆ, ಇಡೀ ಶೋ ಮುಗಿಯುತ್ತೆ. ಆದ್ರೆ ನಡುವಿನ ತೆಳ್ಳಗಿನ ತಂತಿ ಬಿಸಿಯಾಗ್ತಾ ಇರುತ್ತೆ. ಸ್ವಲ್ಪ ಪವರ್ ಸ್ಪೀಕರ್‌ಗೆ ತಲುಪದೆ ಅಲ್ಲೇ ಶಾಖವಾಗಿ ಹೋಗುತ್ತೆ. ಪಿನ್ ಹತ್ರ ಬಗ್ಗಿ ಬಗ್ಗಿ ಎಳೆಗಳು ಒಂದೊಂದಾಗಿ ತುಂಡಾಗಿದ್ರೆ ಉಳಿದ ನಾಲ್ಕೆಳೆ ಮೇಲೆ ಪೂರ್ತಿ ಭಾರ. ಕೊನೆಗೆ ಎರಡರಲ್ಲಿ ಒಂದಾಗುತ್ತೆ. ತಂತಿ ಪೂರ್ತಿ ತುಂಡಾಗಿ ಸರ್ಕ್ಯೂಟ್ ಓಪನ್ ಆಗುತ್ತೆ, ಇಲ್ಲಾ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ತಂತಿ ಶೀಲ್ಡ್‌ಗೆ ತಗುಲಿ ಶಾರ್ಟ್ ಆಗುತ್ತೆ.

ಈ ಎರಡರಲ್ಲಿ ಯಾವುದು ಅಪಾಯ ಅನ್ನೋದು ನಿಮ್ಮ ಆಂಪ್ ಮೇಲೆ ನಿಂತಿದೆ. ಟ್ರಾನ್ಸಿಸ್ಟರ್ ಆಂಪ್‌ಗೆ ಶಾರ್ಟ್ ಅಂದ್ರೆ ಆಗಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕ್ಷಣದಲ್ಲಿ ಹೋಗಬಹುದು. ಟ್ಯೂಬ್ ಆಂಪ್‌ಗೆ ದೊಡ್ಡ ಶತ್ರು ಓಪನ್ ಸರ್ಕ್ಯೂಟ್. ಟ್ಯೂಬ್‌ಗಳು ನೂರಾರು ವೋಲ್ಟ್‌ನಲ್ಲಿ ಕೆಲಸ ಮಾಡ್ತವೆ. ಅದನ್ನ ಸ್ಪೀಕರ್‌ಗೆ ಹೊಂದೋ ಹಾಗೆ ಇಳಿಸೋದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆ ಕಡೆ ಸ್ಪೀಕರ್ ಇಲ್ಲ ಅಂದ್ರೆ ಶಕ್ತಿಗೆ ಹೋಗೋಕೆ ದಾರಿ ಇಲ್ಲ. ಟ್ರಾನ್ಸ್‌ಫಾರ್ಮರ್‌ನ ಟ್ಯೂಬ್ ಕಡೆಯ ಸುರುಳಿಯಲ್ಲಿ ವೋಲ್ಟೇಜ್ ವಿಪರೀತ ಏರಿ, ಟ್ಯೂಬ್ ಸಾಕೆಟ್‌ನಲ್ಲಿ ಕಿಡಿ ಹಾರಬಹುದು, ಸುರುಳಿಯ ಇನ್ಸುಲೇಷನ್ ಒಡೀಬಹುದು. ಹಳೇ ಫೆಂಡರ್ ಟ್ಯೂಬ್ ಆಂಪ್‌ಗಳ ಮುಖ್ಯ ಸ್ಪೀಕರ್ ಜ್ಯಾಕ್‌ಗೆ ಏನೂ ಚುಚ್ಚದೇ ಇದ್ರೆ ಅದು ತಾನೇ ಶಾರ್ಟ್ ಆಗೋ ಹಾಗೆ ಮಾಡಿರ್ತಾರೆ. ಓಪನ್‌ಗಿಂತ ಅದು ವಾಸಿ ಅನ್ನೋ ಕಾರಣಕ್ಕೇ. ಆದ್ರೆ ಜ್ಯಾಕ್‌ಗೆ ಕೇಬಲ್ ಚುಚ್ಚಿದ್ದು, ಒಳಗೆ ತಂತಿ ತುಂಡಾಗಿದ್ರೆ ಆ ರಕ್ಷಣೆನೂ ಕೆಲಸಕ್ಕೆ ಬರಲ್ಲ.

ಈಗ ಕೊಳ್ಳೋ ವಿಷಯ. ಎಷ್ಟು ದಪ್ಪ ಬೇಕು? ನಮ್ಮಲ್ಲಿ ವೈರ್ ಮಾರೋದು ಸ್ಕ್ವೇರ್ ಎಂಎಂ ಲೆಕ್ಕದಲ್ಲಿ. ಹೆಡ್ ಮತ್ತೆ ಕ್ಯಾಬಿನೆಟ್ ಮಧ್ಯೆ ಒಂದೆರಡು ಮೀಟರ್ ಸಾಕು. ಅಷ್ಟಕ್ಕೆ 1.5 ಸ್ಕ್ವೇರ್ ಎಂಎಂನ ಎರಡು ಕೋರ್‌ನ ಫ್ಲೆಕ್ಸಿಬಲ್ ತಾಮ್ರದ ವೈರ್ ಧಾರಾಳ. ಲೆಕ್ಕ ನೋಡಿ: 1.5 ಸ್ಕ್ವೇರ್ ಎಂಎಂ ತಾಮ್ರಕ್ಕೆ ಮೀಟರ್‌ಗೆ ಸುಮಾರು 0.012 ಓಮ್ ರೆಸಿಸ್ಟೆನ್ಸ್. 2 ಮೀಟರ್ ಕೇಬಲ್ ಅಂದ್ರೆ ಹೋಗಿ ಬರೋಕೆ 4 ಮೀಟರ್, ಹತ್ತಿರ ಹತ್ತಿರ 0.05 ಓಮ್. 8 ಓಮ್ ಸ್ಪೀಕರ್ ಮುಂದೆ ಅದು ಶೇ 1ಕ್ಕಿಂತ ಕಡಿಮೆ. ಅದೇ ವೈರ್‌ನ 15 ಮೀಟರ್ ಎಳೆದು 4 ಓಮ್ ಸ್ಪೀಕರ್‌ಗೆ ಕೊಟ್ರೆ ಶೇ 8ರಷ್ಟು ಪವರ್ ವೈರ್‌ನಲ್ಲೇ ಹೋಗುತ್ತೆ. ಉದ್ದ ಬೇಕೇ ಬೇಕು ಅಂದ್ರೆ 2.5 ಸ್ಕ್ವೇರ್ ಎಂಎಂಗೆ ಹೋಗಿ.

ಎರಡು ಮೀಟರ್‌ಗೆ ಚಿನ್ನದ ಲೇಪನ, ಆಮ್ಲಜನಕ ಇಲ್ಲದ ತಾಮ್ರ ಅಂತ ಹೆಸರಿಟ್ಟು ಹತ್ತು ಪಟ್ಟು ಬೆಲೆ ಕೇಳೋ ಕೇಬಲ್ ಬೇಡ. ಹಾಗಂತ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್‌ಗೂ ಬೀಳಬೇಡಿ. ಅಗ್ಗ ಹೌದು, ಆದ್ರೆ ರೆಸಿಸ್ಟೆನ್ಸ್ ಜಾಸ್ತಿ, ಬಗ್ಗಿಸಿದ್ರೆ ಬೇಗ ಮುರಿಯುತ್ತೆ. ಎಳೆನ ಬ್ಲೇಡ್‌ನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ಅದು ಅಲ್ಯೂಮಿನಿಯಂ. ಇನ್ನೊಂದು ವಿಷಯ, 8 ಓಮ್ ಕೇಬಲ್, 16 ಓಮ್ ಕೇಬಲ್ ಅಂತ ಬೇರೆ ಬೇರೆ ಇಲ್ಲ. ಓಮ್ ಹೊಂದಿಸಬೇಕಾಗಿರೋದು ಆಂಪ್ ಹಿಂದಿನ ಸಾಕೆಟ್‌ಗೂ ಕ್ಯಾಬಿನೆಟ್‌ಗೂ.

ಪಿನ್ ತಗೊಳ್ಳುವಾಗ ಮೂರು ವಿಷಯ ನೋಡಿ. ಮೋನೋ ಇರಬೇಕು, ಅಂದ್ರೆ ಪಿನ್ ಮೇಲೆ ಒಂದೇ ಕಪ್ಪು ಗೆರೆ. ಮೈ ಲೋಹದ್ದಿದ್ದು ತಿರುಪಿ ಬಿಚ್ಚೋ ಹಾಗಿರಬೇಕು, ಬೆಸುಗೆ ಸರಿ ಇದ್ಯಾ ಅಂತ ಯಾವಾಗ ಬೇಕಾದ್ರೂ ನೋಡಬಹುದು. ದಪ್ಪ ವೈರ್ ಒಳಗೆ ಹೋಗಿ, ಕ್ಲ್ಯಾಂಪ್ ಅದನ್ನ ಗಟ್ಟಿಯಾಗಿ ಹಿಡೀಬೇಕು. ಎಳೆತ ಬೆಸುಗೆ ಮೇಲೆ ಬೀಳಬಾರದು.

ಕಾಲು ಇಂಚಿನ ಪಿನ್‌ಗೆ ಎರಡು ಕುಂದು ಇದೆ. ಕಾಲು ತಾಗಿದ್ರೂ ಕಳಚಿ ಬರುತ್ತೆ. ಅರ್ಧ ಒಳಗಿದ್ದಾಗ ತುದಿ ಬೇರೆ ಕಡೆ ತಗುಲಿ ಶಾರ್ಟ್ ಆಗಬಹುದು. ಇದಕ್ಕೆ ಪರಿಹಾರವಾಗಿ ಬಂದದ್ದು ಲೀಕ್ಟೆನ್‌ಸ್ಟೈನ್ ದೇಶದ ನ್ಯೂಟ್ರಿಕ್ ಕಂಪನಿಯ ಸ್ಪೀಕಾನ್. ಚುಚ್ಚಿ ತಿರುಗಿಸಿದ್ರೆ ಟಕ್ ಅಂತ ಲಾಕ್ ಆಗುತ್ತೆ. ಲೋಹದ ಭಾಗ ಹೊರಗೆ ಕಾಣೋದೇ ಇಲ್ಲ. ಗಿಟಾರ್ ಕೇಬಲ್‌ನ ತಪ್ಪಿ ಚುಚ್ಚೋಣ ಅಂದ್ರೂ ಹೋಗಲ್ಲ. ನಿಮ್ಮ ಆಂಪ್ ಮತ್ತೆ ಕ್ಯಾಬಿನೆಟ್ ಎರಡರಲ್ಲೂ ಸ್ಪೀಕಾನ್ ಇದ್ರೆ ಅದನ್ನೇ ಬಳಸಿ. ನಾಲ್ಕು ಸಂಪರ್ಕದ ಎನ್‌ಎಲ್4 ಆದ್ರೆ ಗಿಟಾರ್ ಕ್ಯಾಬಿನೆಟ್‌ಗೆ ಸಾಮಾನ್ಯವಾಗಿ 1+ ಮತ್ತು 1- ಮಾತ್ರ ಸಾಕು. ಕಾಲು ಇಂಚಿನದೇ ಇದ್ರೆ ಬೇಜಾರಿಲ್ಲ, ಒಳ್ಳೇ ಪಿನ್ ಆದ್ರೆ 100 ವ್ಯಾಟ್ ಹೆಡ್‌ಗೂ ನಡೆಯುತ್ತೆ.

ಒಂದಂತೂ ಮಾಡಲೇಬೇಡಿ. ಸ್ಪೀಕರ್ ವೈರ್‌ಗೆ ಮನೆಯ ಎರಡು ಪಿನ್ ಪ್ಲಗ್ ಹಾಕೋದು. ಗಣೇಶನ ಪೆಂಡಾಲ್ ಇರಲಿ, ಕಾಲೇಜ್ ಫೆಸ್ಟ್ ಇರಲಿ, ಕತ್ತಲಲ್ಲಿ ಯಾರೋ ಸಹಾಯ ಮಾಡೋಕೆ ಬಂದವರು ಅದನ್ನ ಗೋಡೆಯ 230 ವೋಲ್ಟ್ ಸಾಕೆಟ್‌ಗೆ ಚುಚ್ಚಿಬಿಟ್ರೆ ಸ್ಪೀಕರ್ ಹೋಗೋದಷ್ಟೇ ಅಲ್ಲ, ಇನ್ನೊಂದು ತುದಿ ಹಿಡಿದಿದ್ದವರ ಪ್ರಾಣವೇ ಹೋಗಬಹುದು.

ಕೇಬಲ್ ಪರೀಕ್ಷೆ ಹೇಗೆ? ಮಲ್ಟಿಮೀಟರ್ ಸಾಕು. ಎರಡೂ ಕಡೆ ಬಿಚ್ಚಿಟ್ಟು ತುದಿಯಿಂದ ತುದಿಗೆ ಬೀಪ್ ಬರಬೇಕು, ತುದಿಯಿಂದ ಬುಡಕ್ಕೆ ಬರಬಾರದು. ಆದ್ರೆ ಗಿಟಾರ್ ಕೇಬಲ್ ಕೂಡ ಈ ಪರೀಕ್ಷೆ ಪಾಸಾಗುತ್ತೆ. ಆದ್ದರಿಂದ ಪಿನ್ ತಿರುಪಿ ಬಿಚ್ಚಿ ನೋಡಿ. ಎರಡು ಸಮ ದಪ್ಪದ ವೈರ್ ಇದ್ರೆ ಸ್ಪೀಕರ್ ಕೇಬಲ್. ಒಂದು ತೆಳು ವೈರ್, ಸುತ್ತ ಜಾಲರಿ ಇದ್ರೆ ಗಿಟಾರ್ ಕೇಬಲ್. ಬಿಚ್ಚೋಕಾಗದ ಮೋಲ್ಡೆಡ್ ಪಿನ್ ಆದ್ರೆ ವೈರ್ ಮೇಲಿನ ಅಕ್ಷರ ಓದಿ. ಅದರಲ್ಲೂ ಗೊತ್ತಾಗದಿದ್ರೆ ಸ್ಪೀಕರ್‌ಗೆ ಬಳಸಬೇಡಿ. ಇನ್ನು ಕೇಬಲ್‌ನ ಕ್ಯಾಬಿನೆಟ್‌ಗೆ ಚುಚ್ಚಿ ಈಚೆ ತುದಿಯಲ್ಲಿ ಓಮ್ ಅಳೆದ್ರೆ, 8 ಓಮ್ ಕ್ಯಾಬಿನೆಟ್ ಸಾಮಾನ್ಯವಾಗಿ 6ರಿಂದ 7 ತೋರಿಸುತ್ತೆ. ಅದು ಸರಿಯೇ, ಗಾಬರಿ ಬೇಡ. ಏನೂ ತೋರಿಸದಿದ್ರೆ ಆಂಪ್ ಆನ್ ಮಾಡಬೇಡಿ.

ಕೊನೆಯದಾಗಿ ನಾಲ್ಕು ಅಭ್ಯಾಸ. ಮೊದಲು ಸ್ಪೀಕರ್ ಕೇಬಲ್ ಹಾಕಿ, ಆಮೇಲೆ ಪವರ್. ತೆಗೆಯುವಾಗ ಮೊದಲು ಪವರ್ ಆಫ್. ಆಂಪ್‌ನ ಸ್ಪೀಕರ್ ಔಟ್‌ನ ಮಿಕ್ಸರ್‌ಗೋ ಹೆಡ್‌ಫೋನ್‌ಗೋ ಕೊಡಬೇಡಿ. ಸ್ಪೀಕರ್ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ, ಬೇರೆ ಚೀಲದಲ್ಲಿಡಿ.

ನಿಮ್ಮ ಬ್ಯಾಂಡ್‌ನ ಡಬ್ಬದಲ್ಲಿರೋ ಪಿನ್‌ಗಳನ್ನ ಇವತ್ತು ಸಂಜೆ ಒಂದೊಂದಾಗಿ ಬಿಚ್ಚಿ ನೋಡಿ. ಅರ್ಧ ಗಂಟೆ ಕೆಲಸ, ಒಂದು ಟೇಪ್ ಸುರುಳಿಯ ಖರ್ಚು. ಜ್ಯಾಮ್ ರೂಮ್ ನಡೆಸೋ ಸ್ನೇಹಿತರಿದ್ರೆ ಅವರಿಗೂ ಈ ಕಂತು ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.