ಪೆನ್ಸಿಲ್ ಗೆರೆಯಿಂದ ರೋಬೋಟ್ ತೋಳಿನವರೆಗೆ: ಕಾರ್ಖಾನೆಯಲ್ಲಿ ಶಕ್ತಿಯ ಲೆಕ್ಕ

ಒಂದು ಆಕೃತಿಯನ್ನು ಕಲ್ಪಿಸಿಕೊಳ್ಳಿ. ಒಂದು ಹಾಳೆ, ಅದರ ಮೇಲೆ ತುದಿ ಕೂಡಿಕೊಂಡ ಒಂದು ಪೆನ್ಸಿಲ್ ಗೆರೆ. ಇದನ್ನು ಬರೆದದ್ದು ಉಗಿಯಂತ್ರ. ಬರೆಯುವ ಉಪಾಯ ಹೂಡಿದವರು ಸ್ಕಾಟ್ಲೆಂಡ್ ಮೂಲದ ಜೇಮ್ಸ್ ವಾಟ್ ಅವರ ಸಹಾಯಕ ಜಾನ್ ಸದರ್ನ್, 1796ರಲ್ಲಿ. ಪಿಸ್ಟನ್ ಓಡಾಡಿದಂತೆ ಹಾಳೆ ಅಂಟಿಸಿದ ಹಲಗೆ ಅತ್ತಿತ್ತ ಸರಿಯುತ್ತಿತ್ತು. ಸಿಲಿಂಡರಿನ ಒಳಗಿನ ಒತ್ತಡ ಏರಿಳಿದಂತೆ ಪೆನ್ಸಿಲ್ಲೂ ಏರಿಳಿಯುತ್ತಿತ್ತು. ಗೆರೆ ಸುತ್ತುವರಿದ ಜಾಗದ ವಿಸ್ತೀರ್ಣ ಎಷ್ಟೋ, ಆ ಒಂದು ಸುತ್ತಿನಲ್ಲಿ ಉಗಿ ಮಾಡಿದ ಕೆಲಸ ಅಷ್ಟು. ಕವಾಟ ತಡವಾಗಿ ತೆರೆದರೆ ಗೆರೆಯ ಮೂಲೆ ಮೊಂಡಾಗುತ್ತಿತ್ತು. ಯಂತ್ರವನ್ನು ಬಿಚ್ಚದೆಯೇ ಅದರ ದೋಷ ಹಿಡಿಯುವ ದಾರಿ ಸಿಕ್ಕಿತ್ತು. ವಾಟ್ ಅವರ ಕಂಪನಿ ಈ ಉಪಕರಣವನ್ನು ವ್ಯಾಪಾರದ ಗುಟ್ಟಾಗಿ ಕಾಪಾಡಿತು. ಅದರ ವಿವರ ಅಚ್ಚಾದದ್ದು 1822ರಲ್ಲಿ.

ಇಷ್ಟು ಜತನ ಏಕೆಂದರೆ, ಕೆಲಸದ ಲೆಕ್ಕದಲ್ಲಿ ಹಣವಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಗಳಿಂದ ನೀರೆತ್ತಲು ಉಗಿಯಂತ್ರ ಬೇಕು, ಆದರೆ ಆ ಸೀಮೆಯಲ್ಲಿ ಕಲ್ಲಿದ್ದಲಿಲ್ಲ; ಹಡಗಿನಲ್ಲಿ ತರಿಸಬೇಕು. ಹಳೆಯ ನ್ಯೂಕಾಮನ್ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯುತ್ತದೋ, ಆ ಉಳಿತಾಯದ ಮೂರನೇ ಒಂದು ಪಾಲು ವಾಟ್ ಕಂಪನಿಗೆ. 1811ರಿಂದ ಅಲ್ಲಿ ಲೀನ್ ಎಂಬುವರು ಗಣಿಯಂತ್ರಗಳ ಮಾಸಿಕ ವರದಿ ಹೊರಡಿಸತೊಡಗಿದರು. ಒಂದು ಬುಷೆಲ್ ಕಲ್ಲಿದ್ದಲು ಸುಟ್ಟರೆ ಎಷ್ಟು ಪೌಂಡ್ ನೀರು ಒಂದು ಅಡಿ ಮೇಲೇರುತ್ತದೆ ಎಂಬುದೇ ಅದರ ಅಳತೆ. ಆಗ ಆ ಅಂಕಿ ಸುಮಾರು 2 ಕೋಟಿ. 1835ರಲ್ಲಿ ಫೋವಿ ಕಾನ್ಸಲ್ಸ್ ಗಣಿಯ ಯಂತ್ರವೊಂದು ಪರೀಕ್ಷೆಯಲ್ಲಿ 12 ಕೋಟಿ 50 ಲಕ್ಷ ಮುಟ್ಟಿತು. ಎಲ್ಲರ ಲೆಕ್ಕ ಎಲ್ಲರಿಗೂ ಕಾಣುವಂತಾದದ್ದು ಈ ಏರಿಕೆಗೆ ದೊಡ್ಡ ಕಾರಣ ಎಂದೇ ನನ್ನ ನಂಬಿಕೆ. ಶಕ್ತಿ ಅಳಿಯುವುದಿಲ್ಲ, ರೂಪ ಬದಲಿಸುತ್ತದೆ ಎಂಬ ನಿಯಮವನ್ನು ವಿಜ್ಞಾನಿಗಳಾದ ಮಾಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ನೆಲೆಗೊಳಿಸಿದ್ದು 1840ರ ದಶಕದಲ್ಲಿ. ಗಣಿಯವರು ಅದಕ್ಕೂ ಮೊದಲೇ ಲೆಕ್ಕ ಇಡುತ್ತಿದ್ದರು.

ಅಳೆಯುವುದಾಯಿತು. ಹತೋಟಿಯ ಮಾತೇನು? ವಾಟ್ 1788ರಲ್ಲೇ ಯಂತ್ರಕ್ಕೆ ಗವರ್ನರ್ ಎಂಬ ವೇಗನಿಯಂತ್ರಕವನ್ನು ಜೋಡಿಸಿದ್ದರು. ವೇಗ ಹೆಚ್ಚಿದರೆ ತಿರುಗುವ ಗುಂಡುಗಳು ಹೊರಕ್ಕೆ ಚಾಚಿ ಉಗಿಯನ್ನು ಕಡಿಮೆ ಮಾಡುತ್ತಿದ್ದವು. ಆದರೆ ಮುಂದೆ ಕೆಲವು ಯಂತ್ರಗಳ ವೇಗ ನೆಲೆ ನಿಲ್ಲದೆ ಏರುತ್ತ ಇಳಿಯುತ್ತ ಒದ್ದಾಡತೊಡಗಿತು. 1868ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಗವರ್ನರ್‌ಗಳ ಮೇಲೆ ಪ್ರಬಂಧ ಬರೆದು, ಈ ಒದ್ದಾಟ ಯಾವಾಗ ಅಡಗುತ್ತದೆ, ಯಾವಾಗ ಬೆಳೆಯುತ್ತದೆ ಎಂದು ಗಣಿತದಲ್ಲಿ ತೋರಿಸಿದರು. 1892ರಲ್ಲಿ ರಷ್ಯಾದ ಗಣಿತಜ್ಞ ಲ್ಯಾಪುನೋವ್ ಇನ್ನೊಂದು ದಾರಿ ತೆರೆದರು. ಬಾಣಲೆಯೊಳಗೆ ಬಿಟ್ಟ ಗೋಲಿ ಉರುಳಾಡುತ್ತ, ಘರ್ಷಣೆಯಲ್ಲಿ ಶಕ್ತಿ ಕಳೆದುಕೊಳ್ಳುತ್ತ ತಳದಲ್ಲಿ ನಿಲ್ಲುತ್ತದಲ್ಲ, ಹಾಗೆ. ಯಾವುದೇ ವ್ಯವಸ್ಥೆಗೆ ಶಕ್ತಿಯಂಥ ಒಂದು ಮೊತ್ತವನ್ನು ಹುಡುಕಿ, ಅದು ಸದಾ ಇಳಿಯುತ್ತದೆಂದು ತೋರಿಸಿದರೆ ಸಾಕು. ವ್ಯವಸ್ಥೆ ನೆಲೆಗೆ ಬರುತ್ತದೆ. ಸಮೀಕರಣ ಬಿಡಿಸುವ ಅಗತ್ಯವೇ ಇಲ್ಲ!

ಶಕ್ತಿಯ ಲೆಕ್ಕ ಇಡೀ ಸ್ಥಾವರಕ್ಕೆ ಹೇಗೆ ಒದಗಿತು ಎಂದು ನೋಡಲು ಈಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಬನ್ನಿ. ಹೆನ್ರಿ ಪೇಂಟರ್ ಜಲವಿದ್ಯುತ್ ಸ್ಥಾವರಗಳ ಸಮಸ್ಯೆಗಳಲ್ಲಿ ಪಳಗಿದ ಎಂಜಿನಿಯರ್. ಅಲ್ಲಿ ಸುರಂಗದ ನೀರು, ಟರ್ಬೈನ್, ಜನರೇಟರ್, ವಿದ್ಯುತ್ ಜಾಲ ಎಲ್ಲವೂ ಒಂದಕ್ಕೊಂದು ಬಿಗಿದುಕೊಂಡಿವೆ. ಒಂದೊಂದಕ್ಕೂ ಒಂದೊಂದು ಶಾಸ್ತ್ರ, ಒಂದೊಂದು ನಕ್ಷೆ. ಇವನ್ನೆಲ್ಲ ಒಂದೇ ಹಾಳೆಯ ಮೇಲೆ ತರುವುದು ಹೇಗೆ? ಪೇಂಟರ್ ಹಿಡಿದ ಎಳೆ ಇದು: ಬಲವನ್ನು ವೇಗದಿಂದ ಗುಣಿಸಿ, ನೀರಿನ ಒತ್ತಡವನ್ನು ಹರಿವಿನಿಂದ ಗುಣಿಸಿ, ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿ. ಮೂರರಲ್ಲೂ ಸಿಗುವುದು ವ್ಯಾಟ್‌ಗಳೇ. ಹಾಗಾದರೆ ಭಾಗಗಳ ನಡುವೆ ಸಾಗುವ ಶಕ್ತಿಯನ್ನೇ ಒಂದು ಗೆರೆಯಾಗಿ ಬರೆಯಬಹುದು. 1959ರ ಏಪ್ರಿಲ್‌ನಲ್ಲಿ ಅವರು ಮಂಡಿಸಿದ ಈ ಚಿತ್ರಲಿಪಿಯೇ ಬಾಂಡ್ ಗ್ರಾಫ್. ಕಾರ್ನಪ್, ರೋಸನ್‌ಬರ್ಗ್ ಅದನ್ನು ಬೆಳೆಸಿದರು. ನಮ್ಮಲ್ಲಿ ಖರಗ್‌ಪುರದ ಐಐಟಿ ಇದರ ಗಟ್ಟಿ ನೆಲೆಯಾಯಿತು. ಅಲ್ಲಿನ ಅಮಲೇಂದು ಮುಖರ್ಜಿ ಮತ್ತು ಸಂಗಡಿಗರ ಪುಸ್ತಕಗಳಿಂದ ಎಷ್ಟೋ ಮಂದಿ ಕಲಿತಿದ್ದಾರೆ.

ಬಾಂಡ್ ಗ್ರಾಫ್ ನಕ್ಷೆ ಯಂತ್ರಗಳ ಕಾವಲಿಗೂ ಒದಗುತ್ತದೆ. ಪೈಪುಗಳು ಕೂಡುವ ಕಡೆ ಒಳಬಂದ ಹರಿವೆಲ್ಲ ಹೊರಹೋಗಬೇಕು. ಮೀಟರುಗಳ ಅಂಕಿ ತಾಳೆಯಾಗದಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮೀಟರೇ ಕೆಟ್ಟಿದೆ. ಇಂಥ ಹಲವು ತಾಳೆಗಳಲ್ಲಿ ಯಾವುವು ತಪ್ಪಿವೆ ಎಂದು ನೋಡಿದರೆ ದೋಷದ ಜಾಗವೂ ಗೊತ್ತಾಗುತ್ತದೆ. ಸದರ್ನ್ ಅವರ ಮೊಂಡು ಮೂಲೆಯ ಗೆರೆ ಹೇಳುತ್ತಿದ್ದದ್ದೂ ಇಂಥ ಸುದ್ದಿಯನ್ನೇ.

1972ರಲ್ಲಿ ಗಣಿತಜ್ಞ ಯಾನ್ ವಿಲೆಮ್ಸ್ ಶಕ್ತಿಯ ಲೆಕ್ಕದ ಈ ವಿಚಾರಕ್ಕೆ ಗಟ್ಟಿ ಗಣಿತ ಕೊಟ್ಟರು: ಪಡೆದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಕೂಡಿಡಲಾಗದ ಎರಡು ವ್ಯವಸ್ಥೆಗಳನ್ನು ಜೋಡಿಸಿದರೆ, ಜೋಡಿಯೂ ಹಾಗೆಯೇ ಇರುತ್ತದೆ. 1981ರಲ್ಲಿ ಜಪಾನಿನ ತಾಕೆಗಾಕಿ ಮತ್ತು ಅರಿಮೊಟೊ ಇದೇ ಬಗೆಯ ಯೋಚನೆಯನ್ನು ರೋಬೋಟ್ ತೋಳಿಗೆ ತಂದರು. ತೋಳು ಯಾವ ಜಾಗಕ್ಕೆ ಹೋಗಬೇಕೋ ಅಲ್ಲಿ ಶಕ್ತಿ ಅತ್ಯಂತ ಕಡಿಮೆ ಇರುವಂತೆ ಮೋಟಾರುಗಳು ಒಂದು ಕೃತಕ ಇಳಿಜಾರನ್ನು ಉಂಟುಮಾಡುತ್ತವೆ. ಜೊತೆಗೆ ಒಂದಿಷ್ಟು ಕೃತಕ ಘರ್ಷಣೆ. ತೋಳು ತಾನಾಗಿ ಅಲ್ಲಿಗೆ ಬಂದು ನಿಲ್ಲುತ್ತದೆ. ಅತ್ಯಂತ ಕ್ಲಿಷ್ಟ ಯಂತ್ರಕ್ಕೆ ಇಷ್ಟು ಸರಳವಾದ ನಿಯಮ ಸಾಕೆಂಬುದು ನನಗೆ ಇಂದಿಗೂ ವಿಸ್ಮಯ.

ಇದೇ ಲೆಕ್ಕ ಇನ್ನೊಂದು ಕಡೆಯೂ ನೆರವಾಯಿತು. ದೂರದ ವಸ್ತುವಿನ ಸ್ಪರ್ಶವನ್ನು ಕೈಗೆ ಮುಟ್ಟಿಸುವ ಉಪಕರಣಗಳಲ್ಲಿ ಕಂಪ್ಯೂಟರಿನ ಸಣ್ಣ ವಿಳಂಬವೇ ಇಲ್ಲದ ಶಕ್ತಿಯನ್ನು ಸೃಷ್ಟಿಸಿ ಹಿಡಿಕೆಯನ್ನು ನಡುಗಿಸುತ್ತದೆ. 2002ರಲ್ಲಿ ಸಂಶೋಧಕರಾದ ಹ್ಯಾನಫರ್ಡ್ ಮತ್ತು ರ್‍ಯೂ ಇದಕ್ಕೊಂದು ಪರಿಹಾರ ಪ್ರಕಟಿಸಿದರು. ಬಲವನ್ನೂ ವೇಗವನ್ನೂ ಕ್ಷಣಕ್ಷಣ ಗುಣಿಸಿ ತಂತ್ರಾಂಶ ಶಕ್ತಿಯ ಲೆಕ್ಕ ಬರೆಯುತ್ತದೆ. ಪಡೆದದ್ದಕ್ಕಿಂತ ಕೊಟ್ಟದ್ದು ಹೆಚ್ಚಾದ ಕೂಡಲೇ, ಹೆಚ್ಚಾದಷ್ಟನ್ನೇ ಹೀರುವ ತಡೆಯನ್ನು ಒಡ್ಡುತ್ತದೆ. ಹಿಡಿಕೆಯ ನಡುಕ ನಿಲ್ಲುತ್ತದೆ.