ಹೊಸ ನಾಯಿಮರಿಗೆ ಮನೆಯಲ್ಲೊಂದು ಗೂಡು



ನಮ್ಮ ಹಳ್ಳಿಯ ಮನೆಗಳಲ್ಲಿ ಹಸುವಿಗೆ ಕೊಟ್ಟಿಗೆ ಉಂಟು. ಕುರಿಗೆ ರೊಪ್ಪ ಉಂಟು. ಕೋಳಿಗೆ ಗೂಡು ಉಂಟು. ಬೆಕ್ಕು ತಾನಾಗಿಯೇ ಒಲೆಯ ಬದಿಯಲ್ಲಿ ಜಾಗ ಹುಡುಕಿಕೊಳ್ಳುತ್ತದೆ. ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ಮನೆ, ಕಣ, ಹಟ್ಟಿ ಕಾಯುವ ನಾಯಿಗೆ 'ಇದು ನಿನ್ನ ಜಾಗ' ಅಂತ ನಾವು ತೋರಿಸಿಕೊಟ್ಟದ್ದು ಯಾವುದು? ಬಹಳ ಮನೆಗಳಲ್ಲಿ ಯಾವುದೂ ಇಲ್ಲ.

"ಏನ್ ಸ್ವಾಮಿ, ಬೀಜ ಗೊಬ್ಬರದ ವಿಷಯ ಬಿಟ್ಟು ಇವತ್ತು ನಾಯಿಮರಿ ಪುರಾಣ ಹಿಡಿದಿರಲ್ಲ!" ಅಂತ ನೀವು ನಗಬಹುದು. ನಗಿ, ಆದರೆ ಸ್ವಲ್ಪ ಕೇಳಿ. ಸುಗ್ಗಿಯ ಕಾಲಕ್ಕೆ ಊರ ನಾಯಿಗಳು ಮರಿ ಹಾಕಿರುತ್ತವೆ. ಮಕ್ಕಳು ಒಂದು ಮರಿಯನ್ನು ಎತ್ತಿಕೊಂಡು ಬರುತ್ತಾರೆ. ಕಣದಲ್ಲಿ ರಾಶಿ ಇದೆ, ಹೊಲಕ್ಕೆ ಹಂದಿಯ ಕಾಟ ಇದೆ, ಇರಲಿ ಬಿಡು ಅಂತ ಹಿರಿಯರೂ ಒಪ್ಪುತ್ತಾರೆ. ಆಮೇಲೆ ಆಗುವುದೇನು? ಜಗಲಿಯ ಕಂಬಕ್ಕೆ ಒಂದು ಹಗ್ಗ ಹಾಕಿ ಕಟ್ಟುತ್ತಾರೆ. ಮರಿ ರಾತ್ರಿಯೆಲ್ಲ ಕುಂಯ್‌ಗುಡುತ್ತದೆ. ಯಾರೋ ಎದ್ದು ಎರಡು ಏಟು ಕೊಡುತ್ತಾರೆ. ಮೂರನೆಯ ದಿನ ನಡುಮನೆಯಲ್ಲಿ ಹೇಸಿಗೆ ಮಾಡಿತು ಅಂತ ಮತ್ತೆರಡು ಏಟು. ಹೀಗೆ ಬೆಳೆದ ಮರಿ ಕೊನೆಗೆ ಒಂದೋ ಬೀದಿಯ ಪಾಲಾಗುತ್ತದೆ, ಇಲ್ಲವೆ ಅಂಜಿ ಅಂಜಿ ಕಚ್ಚುವ ನಾಯಿಯಾಗುತ್ತದೆ. ಅದು ಕಚ್ಚುವುದು ಕಳ್ಳನನ್ನಲ್ಲ. ನಮ್ಮದೇ ಮಗುವನ್ನು, ಇಲ್ಲವೆ ಪಕ್ಕದ ಮನೆಯ ಮಗುವನ್ನು.

ನಾಯಿಬಾಲ ಡೊಂಕು ಅನ್ನುತ್ತಾರೆ. ಬಾಲ ಡೊಂಕಾಗಿಯೇ ಇರಲಿ, ಅದರಿಂದ ನಷ್ಟವಿಲ್ಲ. ನಡತೆ ನೆಟ್ಟಗಾಗಬೇಕು. ಅದು ನೆಟ್ಟಗಾಗುವುದೂ ಕೆಡುವುದೂ ಮರಿ ಮನೆಗೆ ಬಂದ ಮೊದಲ ಎರಡು ಮೂರು ವಾರಗಳಲ್ಲಿ. ಅದಕ್ಕೆ ಬೇಕಾದದ್ದು ದುಡ್ಡಲ್ಲ. ಒಂದು ಗೂಡು, ಒಂದು ವೇಳೆ, ಒಂದಿಷ್ಟು ತಾಳ್ಮೆ.

ಮೊದಲು ವಯಸ್ಸಿನ ಮಾತು. ಎಂಟು ವಾರ ತುಂಬುವ ತನಕ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗಲೇ ಅದು ಕಚ್ಚುವುದಕ್ಕೆ ಮಿತಿ ಕಲಿಯುತ್ತದೆ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಡುತ್ತದೆ, ತಾಯಿ ಗದರುತ್ತದೆ. ಈ ಪಾಠವನ್ನು ಮನುಷ್ಯರು ಹೇಳಿಕೊಡುವುದು ಕಷ್ಟ. ೨೦೧೭ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೂ ಇಲ್ಲ.

ಇನ್ನು ಗೂಡಿನ ವಿಚಾರ. ಹುಲ್ಲಿನ ಬಣವೆಯ ಬುಡದಲ್ಲಿ ಮರಿ ಹಾಕಿದ ನಾಯಿಯನ್ನು ನೀವೆಲ್ಲ ನೋಡಿದ್ದೀರಿ. ಅದು ಬಯಲಲ್ಲಿ ಮಲಗುವುದಿಲ್ಲ. ಮೂರು ಕಡೆ ಮರೆ, ಒಂದು ಕಡೆ ಬಾಯಿ ಇರುವ ಪೊಟರೆಯನ್ನೇ ಹುಡುಕುತ್ತದೆ. ಮರಿಗಳಿಗೆ ಮೂರು ನಾಲ್ಕು ವಾರವಾಗಿ ಕಾಲು ಬಂದಕೂಡಲೆ ಗಮನಿಸಿ, ಅವು ಮಲಗುವ ಜಾಗ ಬಿಟ್ಟು ಆಚೆ ಬಂದೇ ಉಚ್ಚೆ ಹೊಯ್ಯುತ್ತವೆ. ಮಲಗುವ ಜಾಗ ಕೆಡಿಸಬಾರದು ಅನ್ನುವುದು ನಾಯಿಯ ಹುಟ್ಟುಗುಣ. ನಾವು ಮಾಡಬೇಕಾದದ್ದು ಇಷ್ಟೆ: ಆ ಪೊಟರೆಯಂಥದೇ ಒಂದನ್ನು ಮನೆಯಲ್ಲಿ ಕೊಡುವುದು. ಪಟ್ಟಣದವರು ಇದಕ್ಕೆ ಕ್ರೇಟು ಅಂತ ಕಬ್ಬಿಣದ ಸರಳಿನ ಪೆಟ್ಟಿಗೆ ಕೊಳ್ಳುತ್ತಾರೆ. ನಮಗೆ ಹಣ್ಣಿನ ಹಳೆಯ ಮರದ ಪೆಟ್ಟಿಗೆಯ ಹಲಗೆ, ಬಿದಿರ ದಬ್ಬೆ, ನಾಲ್ಕು ಮೊಳೆ ಸಾಕು.

ಊರ ನಾಯಿ ಬೆಳೆದ ಮೇಲೂ ಸಾಲುವಂತೆ ಉದ್ದ ಮೂರು ಅಡಿ, ಅಗಲ ಎರಡು ಅಡಿ, ಎತ್ತರ ಎರಡೂವರೆ ಅಡಿ ಇರಲಿ. ಒಳಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಆದರೆ ಪುಟ್ಟ ಮರಿಗೆ ಅಷ್ಟೂ ಜಾಗ ಕೊಟ್ಟರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಹೇಸಿಗೆ ಮಾಡುತ್ತದೆ. ಆದ್ದರಿಂದ ಒಳಗೆ ಒಂದು ಹಲಗೆ ಅಡ್ಡ ಇಟ್ಟು ಜಾಗ ಕಿರಿದು ಮಾಡಿ. ಮರಿ ಬೆಳೆದಂತೆ ಹಲಗೆ ಹಿಂದೆ ಸರಿಸಿ. ದಬ್ಬೆಗಳ ನಡುವೆ ತಲೆಯಾಗಲಿ ಕಾಲಾಗಲಿ ಸಿಕ್ಕಿಕೊಳ್ಳಬಾರದು, ಗಾಳಿ ಮಾತ್ರ ಆಡಬೇಕು. ಮೊಳೆಯ ತುದಿ ಬಡಿದು ಮಡಿಸಿ. ತಗಡು ಬೇಡ, ಬಿಸಿಲಿಗೆ ಕಾಯುತ್ತದೆ. ಕೆಳಗೆ ಎರಡು ಇಟ್ಟಿಗೆ ಕೊಟ್ಟರೆ ನೆಲದ ಶೀತ ತಟ್ಟುವುದಿಲ್ಲ. ಹಾಸಲು ಒಗೆದ ಗೋಣಿಚೀಲ ಸಾಕು. ಗೊಬ್ಬರದ ಚೀಲ, ಔಷಧಿ ಸೋಕಿದ ಚೀಲ ಖಂಡಿತ ಬೇಡ. ಮರಿ ಹಾಸಿದ್ದನ್ನು ಅಗಿಯುತ್ತದೆ.

ಒಂದು ಎಚ್ಚರಿಕೆ. ಕೋಳಿ ಮುಚ್ಚುವ ಹಾಗೆ ಮಂಕರಿ ಕವಚಿ ಅದರ ಮೇಲೆ ಕಲ್ಲು ಹೇರಬೇಡಿ. ಅದು ಸೆರೆಯಾಯಿತೇ ಹೊರತು ಗೂಡಾಗಲಿಲ್ಲ. ಗೂಡು ಅಂದರೆ ಮರಿ ತಾನಾಗಿ ನಡೆದು ಒಳಗೆ ಹೋಗುವ ಜಾಗ.

ಅದನ್ನು ಒಳಗೆ ಹೋಗುವಂತೆ ಮಾಡುವುದು ಹೇಗೆ? ಮೊದಲ ದಿನ ಬಾಗಿಲು ತೆರೆದೇ ಇರಲಿ. ಒಂದೆರಡು ತುಣುಕು ಚಪಾತಿಯನ್ನೋ ಬೇಯಿಸಿದ ಮೊಟ್ಟೆಯನ್ನೋ ಒಳಗೆ ಹಾಕಿ, 'ಗೂಡಿಗೆ' ಅಂತ ಒಂದೇ ಮಾತು ಹೇಳಿ. ಮನೆಯವರೆಲ್ಲ ಅದೇ ಮಾತು ಹೇಳಬೇಕು. ಅಜ್ಜಿ ಒಂದು, ಮೊಮ್ಮಗ ಒಂದು ಹೇಳಿದರೆ ಮರಿಗೆ ಗೊಂದಲ. ನೂಕಬೇಡಿ, ಎಳೆಯಬೇಡಿ. ಮಾರನೆಯ ದಿನ ಊಟದ ತಟ್ಟೆಯನ್ನೇ ಒಳಗೆ ಇಡಿ. ಮೂರನೆಯ ದಿನ ಅದು ತಿನ್ನುತ್ತಿರುವಾಗ ಬಾಗಿಲು ಮುಚ್ಚಿ, ತಿಂದು ಮುಗಿಸಿದ ಕೂಡಲೆ ತೆರೆಯಿರಿ. ಆಮೇಲೆ ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ ಅಂತ ಬೆಳೆಸುತ್ತ ಹೋಗಿ. ಆಡಿ ದಣಿದು ಕಣ್ಣು ಎಳೆಯುವ ಹೊತ್ತಿನಲ್ಲಿ ಒಳಗೆ ಬಿಟ್ಟರೆ ಸುಮ್ಮನೆ ಮಲಗುತ್ತದೆ. ಎಳೆಯ ಮರಿ ದಿನಕ್ಕೆ ಹದಿನೆಂಟು ಗಂಟೆಗೂ ಹೆಚ್ಚು ನಿದ್ದೆ ಮಾಡುವ ಪ್ರಾಣಿ.

ಮೊದಲ ರಾತ್ರಿಯೇ ಕಷ್ಟದ ರಾತ್ರಿ. ನಿನ್ನೆಯ ತನಕ ತಾಯಿಯ ಹೊಟ್ಟೆಗೆ ಅಂಟಿಕೊಂಡು ಮಲಗಿದ ಜೀವ ಅದು. ಮರಿ ತರಲು ಹೋಗುವಾಗ ಒಂದು ಹಳೆ ಪಂಚೆಯ ತುಂಡು ಒಯ್ದು, ತಾಯಿ ಮಲಗುವ ಜಾಗದಲ್ಲಿ ಸ್ವಲ್ಪ ಹೊತ್ತು ಹಾಸಿ ತನ್ನಿ. ಆ ವಾಸನೆ ಗೂಡಿನಲ್ಲಿದ್ದರೆ ಮರಿಗೆ ಧೈರ್ಯ. ಮೊದಲ ವಾರಗಳಲ್ಲಿ ಗೂಡನ್ನು ನೀವು ಮಲಗುವ ಕೋಣೆಯಲ್ಲಿ, ನಿಮ್ಮ ಉಸಿರು ಕೇಳುವಷ್ಟು ಹತ್ತಿರ ಇಡಿ. ಕೊಟ್ಟಿಗೆ ಬೇಡ, ದನದ ಒಂದು ಒದೆತಕ್ಕೆ ಮರಿಯ ಪ್ರಾಣ ಹೋಗುತ್ತದೆ, ಉಣ್ಣೆಯೂ ಹತ್ತುತ್ತದೆ. ರಾತ್ರಿ ಮರಿ ಅತ್ತರೆ ಒಮ್ಮೆ ಎತ್ತಿಕೊಂಡು ಅಂಗಳದ ಅದೇ ಮೂಲೆಗೆ ಒಯ್ಯಿರಿ. ಉಚ್ಚೆ ಹೊಯ್ದರೆ 'ಭೇಷ್' ಅನ್ನಿ. ಆಟವಿಲ್ಲ, ಮಾತಿಲ್ಲ, ಮತ್ತೆ ಗೂಡಿಗೆ. ಆಮೇಲೂ ಸ್ವಲ್ಪ ಗುನುಗಿದರೆ ಗೂಡಿನ ಬಳಿ ಕೈ ಇಟ್ಟು ಮಲಗಿ. ಅದು ಸುಮ್ಮನಾದ ಗಳಿಗೆ ನೋಡಿ ಮೆಚ್ಚುಗೆ ಕೊಡಿ. ನಾಲ್ಕೈದು ರಾತ್ರಿಯ ನಿದ್ದೆ ಕೆಡಬಹುದು. ಹತ್ತು ವರ್ಷದ ಕಾವಲಿಗೆ ಅದು ಹೆಚ್ಚಿನ ಬೆಲೆಯೇನಲ್ಲ.

ಹಗಲಿನಲ್ಲಿ ವೇಳೆ ತಪ್ಪಬಾರದು. ನಿದ್ದೆಯಿಂದ ಎದ್ದೊಡನೆ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಆಡಿದ ಮೇಲೆ, ಮಲಗುವ ಮುಂಚೆ ಮರಿಯನ್ನು ಆ ಮೂಲೆಗೆ ಕರೆದೊಯ್ಯಿರಿ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆಯಲಾರದು. ಒಂದು ತಿಂಗಳು ಬೆಳೆದರೆ ಸುಮಾರು ಒಂದು ಗಂಟೆ ಹೆಚ್ಚು ಅಂತ ಲೆಕ್ಕ ಇಟ್ಟುಕೊಳ್ಳಿ. ಆದ್ದರಿಂದ ಬೆಳಿಗ್ಗೆ ಗೂಡಿಗೆ ಹಾಕಿ ಹೊಲಕ್ಕೆ ಹೋಗಿ ಸಂಜೆ ಬಂದು ತೆಗೆಯುವುದು ಸಲ್ಲದು. ಗೂಡು ಮಲಗಲಿಕ್ಕೆ ಇರುವುದು, ಬಾಳಲಿಕ್ಕಲ್ಲ. ಎಲ್ಲರೂ ಹೊಲಕ್ಕೆ ಹೋಗುವ ಕಾಲವಾದರೆ ಮನೆಯಲ್ಲಿರುವ ಹಿರಿಯರಿಗೆ ಈ ಕೆಲಸ ಒಪ್ಪಿಸಿ. ಅದೂ ಆಗದಿದ್ದರೆ ಆ ತಿಂಗಳು ಮರಿ ತರಬೇಡಿ.

ಒಳಗೆ ಹೇಸಿಗೆ ಮಾಡಿತೆನ್ನಿ. ಮೂತಿಯನ್ನು ಅದಕ್ಕೆ ಒತ್ತಿ ಹೊಡೆಯುವ ಪದ್ಧತಿ ಇದೆ. ಅದರಿಂದ ಮರಿ ಕಲಿಯುವುದು ಒಂದೇ ಪಾಠ: ಈ ಮನುಷ್ಯ ಕಾಣುವಂತೆ ಮಾಡಬಾರದು, ಕದ್ದು ಮಾಡಬೇಕು! ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ವಾಸನೆ ತೆಗೆಯಿರಿ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ. ತಪ್ಪು ಮಾಡಿದಾಗ ಗದರಿ ಗೂಡಿಗೆ ತಳ್ಳುವುದೂ ಬೇಡ. ಗೂಡು ಜೈಲಾದ ದಿನ ನಿಮ್ಮ ಶ್ರಮವೆಲ್ಲ ನೀರಲ್ಲಿ ಹೋಮ. ಮರಿ ಗೂಡಿನಲ್ಲಿದ್ದಾಗ ಮಕ್ಕಳು ಕೋಲು ಹಾಕಿ ಕೆಣಕಬಾರದು, ಬಾಲ ಎಳೆಯಬಾರದು. 'ಗೂಡಿನಲ್ಲಿರುವ ನಾಯಿಯನ್ನು ಮುಟ್ಟಬೇಡ' ಅನ್ನುವುದು ಮನೆಯ ಕಟ್ಟಳೆಯಾಗಲಿ.

ಊಟದ ವಿಷಯ. ಮೂರು ತಿಂಗಳ ತನಕ ದಿನಕ್ಕೆ ನಾಲ್ಕು ಸಲ, ಆರು ತಿಂಗಳ ತನಕ ಮೂರು ಸಲ, ಆಮೇಲೆ ಎರಡು ಸಲ. ಬರಿಯ ಮುದ್ದೆ, ಬರಿಯ ಅನ್ನದಿಂದ ಮರಿ ಬೆಳೆಯುವುದಿಲ್ಲ. ಮುದ್ದೆಗೋ ಅನ್ನಕ್ಕೋ ಬೇಯಿಸಿದ ಮೊಟ್ಟೆ, ಮಾಂಸ ಅಥವಾ ಮೊಸರು ಸೇರಿಸಿ. ಹಸುವಿನ ಹಾಲು ಹೆಚ್ಚಾದರೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಸಿಗಿದು ಕರುಳಿಗೆ ಚುಚ್ಚುತ್ತದೆ. ಇಲಿ ಪಾಷಾಣ, ಬೆಳೆಗೆ ಹೊಡೆಯುವ ಔಷಧಿಗಳನ್ನು ಎಟುಕದಂತೆ ಇಡಿ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ. ಹಲ್ಲು ಬರುವಾಗ ಅಗಿಯಲು ಗಂಟು ಹಾಕಿದ ಹಳೆ ಬಟ್ಟೆ ಕೊಡಿ. ಹರಕು ಚಪ್ಪಲಿ ಕೊಟ್ಟರೆ ನಾಳೆ ಹೊಸ ಚಪ್ಪಲಿಗೂ ಬಾಯಿ ಹಾಕುತ್ತದೆ; ಹಳತು ಹೊಸತು ಅದಕ್ಕೇನು ಗೊತ್ತು?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮರಿ ಬಂದ ವಾರದಲ್ಲೇ ಪಶು ಆಸ್ಪತ್ರೆಗೆ ಒಯ್ದು ಜಂತುವಿನ ಔಷಧಿ ಹಾಕಿಸಿ. ಆರರಿಂದ ಎಂಟು ವಾರದ ನಡುವೆ ಪಾರ್ವೋ, ಡಿಸ್ಟೆಂಪರ್ ರೋಗಗಳಿಗೆ ಮೊದಲ ಲಸಿಕೆ. ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ ಮತ್ತೆ ಮತ್ತೆ. ಪಾರ್ವೋ ಅಂದರೆ ರಕ್ತಭೇದಿ. ಅದರ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೋದ ವರ್ಷ ನಿಮ್ಮ ಮನೆಯಲ್ಲಿ ಮರಿಯೊಂದು ರಕ್ತಭೇದಿಯಿಂದ ಸತ್ತಿದ್ದರೆ, ಲಸಿಕೆ ಮುಗಿಯದ ಹೊಸ ಮರಿಯನ್ನು ಆ ಜಾಗಕ್ಕೆ ತರಬೇಡಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ, ಅಂದರೆ ರೇಬೀಸ್ ಲಸಿಕೆ. ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿ ವರ್ಷ. ಸೆಪ್ಟೆಂಬರ್ ೨೮ ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಅನೇಕ ಕಡೆ ಉಚಿತವಾಗಿ ಲಸಿಕೆ ಹಾಕುತ್ತಾರೆ, ವಿಚಾರಿಸಿ.

ಮರಿ ತಾನೆ, ಸಣ್ಣ ಹಲ್ಲು ತಾನೆ ಅಂತ ಅಸಡ್ಡೆ ಮಾಡಬೇಡಿ. ಲಸಿಕೆಯಾಗದ ಮರಿಯಿಂದಲೂ ಹುಚ್ಚುರೋಗ ಬರಬಹುದು. ಮಗುವಿಗೆ ಹಲ್ಲು ತಾಗಿ ಗೀರಿದರೂ ಸರಿ, ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚುವುದು ಬೇಡ. ಹೊಟ್ಟೆಗೆ ಹಾಕುತ್ತಿದ್ದ ಹತ್ತಾರು ಸೂಜಿಯ ಹೆದರಿಕೆಯೂ ಬೇಡ. ಆ ಹಳೆಯ ಲಸಿಕೆ ೨೦೦೪ರ ಕೊನೆಯ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ ಕೆಲವೇ ಸೂಜಿ. ಆದರೆ ಹೇಳಿದ ದಿನಗಳಂದು ತಪ್ಪದೆ ಹಾಕಿಸಬೇಕು. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಸಿಕೊಳ್ಳುವ ದಾರಿ ಇಲ್ಲ.

ಐದಾರು ತಿಂಗಳಾಗಿ ಮರಿ ರಾತ್ರಿಯಿಡೀ ತಡೆಯಲು ಕಲಿತ ಮೇಲೆ ಗೂಡನ್ನು ಮೆಲ್ಲನೆ ಜಗಲಿಗೆ ಸರಿಸಿ, ಮಳೆ ಬಿಸಿಲು ತಾಗದ ಕಡೆ ಇಡಿ. ಬಾಗಿಲು ತೆಗೆದರೂ ಸರಿ. ಅದು ತಾನಾಗಿಯೇ ಅಲ್ಲಿ ಮಲಗುತ್ತದೆ, ಅಲ್ಲಿಂದಲೇ ಕಾಯುತ್ತದೆ. ಮುಧೋಳ ತಳಿಯ ಮರಿ ತಂದವರು ಮಾತ್ರ ಗೂಡನ್ನು ಇನ್ನೂ ದೊಡ್ಡದಾಗಿ ಕಟ್ಟಬೇಕು. ಅದು ಭುಜದ ಮಟ್ಟಕ್ಕೇ ಎರಡೂಕಾಲು ಅಡಿಯಷ್ಟು ಬೆಳೆಯುತ್ತದೆ; ದಿನವೂ ಬಯಲಿನಲ್ಲಿ ಓಡಲೇಬೇಕು. ಈ ತಳಿಯ ಬಗ್ಗೆ ತಿಳಿಯಬೇಕಾದವರಿಗೆ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇದೆ. ನಾಯಿ ಯಾವುದೇ ಇರಲಿ, ಗೇಣುದ್ದದ ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಸಾಕಿದ್ದನ್ನು ಕಾರಣವಿಲ್ಲದೆ ಬೀದಿಗೆ ಬಿಟ್ಟುಬರುವುದೂ ಅಪರಾಧವೇ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಎಂಟು ವಾರ ತುಂಬಿದ ಮರಿ, ತಾನಾಗಿ ಹೋಗುವ ಗೂಡು, ತಪ್ಪದ ವೇಳೆ, ಏಟಿಲ್ಲದ ಪಾಠ, ಸಕಾಲಕ್ಕೆ ಲಸಿಕೆ. ಈ ಐದನ್ನು ನೆನಪಿಡಿ. ಸುಗ್ಗಿ ಮುಗಿಯುವ ಮುಂಚೆ ನಾಲ್ಕು ಹಲಗೆ ಕೂಡಿಸಿಡಿ; ಮರಿ ಬರುವುದು ಆಮೇಲಾಗಲಿ.